ಸಾಬೂನು ಒಣಗುವ ಕಾಲ



ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಜನ್ಮಸ್ಥಳವೆಂಬುದು ತಮಗೆ ತಿಳಿದದ್ದೇ. ಉಟ್ಟದ್ದು ತೊಟ್ಟದ್ದನ್ನೆಲ್ಲ ತೊರೆದು ಹೊರಟ ಆ ಶರಣೆಯ ಸೀಮೆಯಲ್ಲಿ ಕುಳಿತು ಮೈಗೆ ಹಚ್ಚುವ ಸಾಬೂನಿನ ಲಾಭನಷ್ಟ ಎಣಿಸುವುದು ಶೋಭಿಸುವ ಕೆಲಸವಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಅದೇ ತಾಲ್ಲೂಕಿನ ಬಳ್ಳಿಗಾವಿ ಒಂದು ಕಾಲಕ್ಕೆ ವರ್ತಕರ ದೊಡ್ಡ ಪಟ್ಟಣವಾಗಿತ್ತೆಂದು ಅಲ್ಲಿನ ಶಾಸನಗಳು ಸಾರುತ್ತವೆ. ವೈರಾಗ್ಯವೂ ವ್ಯಾಪಾರವೂ ಈ ನೆಲದಲ್ಲಿ ಜೊತೆಜೊತೆಯಾಗಿಯೇ ಬೆಳೆದಿವೆ. ಆದ್ದರಿಂದ ಇಂದು ತಮ್ಮ ಮುಂದೆ ಒಂದು ವ್ಯಾಪಾರದ ಲೆಕ್ಕವನ್ನಿಡಲು ನಾನು ಸಂಕೋಚಪಡುವುದಿಲ್ಲ.

ನಾನು ಬಹುಕಾಲ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆದವನು. ಹೀಗಾಗಿ ಶಿಕಾರಿಪುರದಲ್ಲಿರುವ ನನ್ನ ತಂಗಿಯ ಮಗಳು ಒಂದು ಸಂಜೆ ನೋಟುಪುಸ್ತಕ ಹಿಡಿದು ನಮ್ಮ ಮನೆಗೆ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಜೊತೆಗೆ ಅವಳ ಕಾಲೇಜಿನ ಗೆಳತಿಯೂ ಇದ್ದಳು; ಆಕೆ ಸೊರಬದ ಗುಡಿಗಾರರ ಮನೆಯ ಹೆಣ್ಣುಮಗಳು. ಸೊರಬ, ಸಾಗರಗಳ ಗುಡಿಗಾರರು ಶ್ರೀಗಂಧದ ಕೆತ್ತನೆಗೆ ಹೆಸರಾದವರು. ಸಾಬೂನಿನ ಮೇಲೆ ಒತ್ತುವುದಕ್ಕೆಂದು ಆಕೆ ತಾನೇ ಕೆತ್ತಿದ ಮರದ ಅಚ್ಚೊಂದನ್ನು ಸೆರಗಿನಲ್ಲಿ ಸುತ್ತಿ ತಂದಿದ್ದಳು. ಕೊಬ್ಬರಿ ಎಣ್ಣೆಯ ಸಾಬೂನು ತಯಾರಿಸಿ ಮಾರಬೇಕೆಂಬುದು ಇಬ್ಬರ ಸಂಕಲ್ಪ.

"ಮಾವ, ಲೆಕ್ಕವೆಲ್ಲ ಹಾಕಿಯಾಗಿದೆ. ನೀವು ಒಮ್ಮೆ ಕಣ್ಣಾಡಿಸಿದರೆ ಸಾಕು," ಎಂದಳು ನನ್ನ ಸೊಸೆ.

ಪಟ್ಟಿ ಅಚ್ಚುಕಟ್ಟಾಗಿಯೇ ಇತ್ತು. ಕೊಠಡಿಯ ಮುಂಗಡ ಮತ್ತು ದುರಸ್ತಿಗೆ 40,000 ರೂಪಾಯಿ; ಪಾತ್ರೆ, ತಕ್ಕಡಿ, ಕಲಕುವ ಯಂತ್ರ, ಅಚ್ಚುಗಳಿಗೆ 35,000; ಪರವಾನಗಿ ಮತ್ತು ಪರೀಕ್ಷೆಗೆ 25,000; ರಟ್ಟಿನ ಪೆಟ್ಟಿಗೆ ಮತ್ತು ಮುದ್ರಣಕ್ಕೆ 20,000; ಬೋರ್ಡು ಮತ್ತು ಪ್ರಾರಂಭೋತ್ಸವಕ್ಕೆ 10,000; ಕೊನೆಯಲ್ಲಿ ಎಣ್ಣೆ ಮೊದಲಾದ ಕಚ್ಚಾಸಾಮಗ್ರಿಗೆ 20,000. ಒಟ್ಟು ಒಂದೂವರೆ ಲಕ್ಷ. ಇಬ್ಬರೂ ಕೂಡಿಟ್ಟಿದ್ದು ಒಂದು ಲಕ್ಷ. ಉಳಿದ ಐವತ್ತು ಸಾವಿರಕ್ಕೆ ನನ್ನ ಸೊಸೆ ತನ್ನ ಕೊರಳ ಸರವನ್ನು ಅಡವಿಡಲು ಸಿದ್ಧಳಾಗಿದ್ದಳು. ಅದು ನನ್ನ ತಾಯಿಯ ಸರ. ಆ ಮಾತು ಕಿವಿಗೆ ಬಿದ್ದ ಮೇಲೆ ನಾನು ಕನ್ನಡಕವನ್ನು ಸರಿಯಾಗಿ ಏರಿಸಿಕೊಂಡು ಕುಳಿತೆ.

ಆ ಪಟ್ಟಿಯಲ್ಲಿ ವಸ್ತುಗಳೆಲ್ಲ ಇದ್ದವು. ದಿನಗಳು ಮಾತ್ರ ಇರಲಿಲ್ಲ.

"ಇಂದು ಎಣ್ಣೆ ಕೊಂಡರೆ ಅದರ ಹಣ ನಿಮ್ಮ ಕೈಗೆ ಮರಳುವುದು ಯಾವಾಗಮ್ಮ?" ಎಂದು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

ಸಾಬೂನಿನ ಸ್ವಭಾವವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಒಂದು ಕಿಲೋಗ್ರಾಂ ಕೊಬ್ಬರಿ ಎಣ್ಣೆಗೆ ಸುಮಾರು 180 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಸೋಡಾವನ್ನು ನೀರಿನಲ್ಲಿ ಕರಗಿಸಿ, ಎಣ್ಣೆಯೊಡನೆ ಕಲಕಿ, ಅಚ್ಚಿಗೆ ಸುರಿದರೆ ಒಂದೆರಡು ದಿನದಲ್ಲಿ ಗಟ್ಟಿಯಾಗುತ್ತದೆ. ಆದರೆ ಕುದಿಸದೆ ಮಾಡುವ ಈ ವಿಧಾನದಲ್ಲಿ ಅದು ಬಳಕೆಗೆ ಹದವಾಗಲು ನಾಲ್ಕರಿಂದ ಆರು ವಾರ ಗಾಳಿಯಲ್ಲಿ ಒಣಗಬೇಕು. ನಮ್ಮ ಮಲೆನಾಡಿನ ಆಷಾಢ, ಶ್ರಾವಣಗಳ ತೇವದಲ್ಲಿ ಆರು ವಾರವೆಂದೇ ಹಿಡಿಯುವುದು ಕ್ಷೇಮ. ಅನಂತರ ಶಿರಾಳಕೊಪ್ಪದ ಅಂಗಡಿಯಲ್ಲಿಟ್ಟರೆ ಅಂಗಡಿಯವರು ಹೊಸ ಸರಕಿಗೆ ಕೈಯಲ್ಲಿ ಕಾಸು ಕೊಡುವುದಿಲ್ಲ. "ಮಾರಾಟವಾದ ಮೇಲೆ ನೋಡೋಣ" ಎನ್ನುತ್ತಾರೆ. ಅದಕ್ಕೆ ನಲವತ್ತೈದು ದಿನ. ಎರಡೂ ಸೇರಿ ಮೂರು ತಿಂಗಳು.

ತಿಂಗಳಿಗೆ ಐನೂರು ಸಾಬೂನು ಮಾಡುವುದು ಅವರ ಯೋಚನೆ. ಒಂದಕ್ಕೆ ಎಣ್ಣೆ, ಸೋಡಾ, ಸುವಾಸನೆ ಸೇರಿ 40 ರೂಪಾಯಿಯಂತೆ ತಿಂಗಳಿಗೆ 20,000. ಪಟ್ಟಿಯಲ್ಲಿದ್ದುದು ಮೊದಲ ತಿಂಗಳದ್ದು ಮಾತ್ರ. ಅಂಗಡಿಯಲ್ಲಿ ಸರಕು ತಪ್ಪದಂತೆ ಎರಡನೆಯ, ಮೂರನೆಯ ತಿಂಗಳಿಗೂ ಮಾಡಬೇಕಾದರೆ ಇನ್ನು 40,000. ಬಾಡಿಗೆ, ವಿದ್ಯುತ್ತು, ಬಸ್ಸಿನ ಚಾರ್ಜು ತಿಂಗಳಿಗೆ 5,000ದಂತೆ ಮೂರು ತಿಂಗಳಿಗೆ 15,000. ಕೊಠಡಿ ಹಿಡಿದ ಮೇಲೆ ಪರವಾನಗಿ ಕೈಸೇರುವವರೆಗೆ ಎರಡು ತಿಂಗಳಾದರೂ ಬಾಗಿಲು ಮುಚ್ಚಿಯೇ ಬಾಡಿಗೆ ಕಟ್ಟಬೇಕೆಂದು ಎಣಿಸಿದರೆ 10,000. ಕೆಟ್ಟ ಪಾಕಕ್ಕೆ, ಏರುವ ಬೆಲೆಗೆ ಮೊದಲ ಪಟ್ಟಿಯ ಹತ್ತನೆಯ ಒಂದು ಪಾಲು, 15,000. 2025ರಲ್ಲಿ ಕೊಬ್ಬರಿ ಎಣ್ಣೆಯ ಬೆಲೆ ಏರಿದ ಬಗೆಯನ್ನು ಕಂಡವರು ಇದನ್ನು ಅತಿಯೆನ್ನಲಾರರು. ಎಲ್ಲ ಕೂಡಿಸಿದರೆ 80,000 ರೂಪಾಯಿ. ಒಂದೂವರೆ ಲಕ್ಷದ ಉದ್ಯಮಕ್ಕೆ ನಿಜವಾಗಿ ಬೇಕಾಗಿದ್ದುದು ಎರಡು ಲಕ್ಷ ಮೂವತ್ತು ಸಾವಿರ. ಸರವನ್ನು ಅಡವಿಟ್ಟ ಮೇಲೂ, ಸಾಬೂನು ಇನ್ನೂ ಹಲಗೆಯ ಮೇಲೆ ಒಣಗುತ್ತಿರುವಾಗಲೇ, ಇವರ ಕೈ ಬರಿದಾಗುತ್ತಿತ್ತು. ಎಷ್ಟೋ ಸಣ್ಣ ಉದ್ಯಮಗಳು ಮುಚ್ಚುವುದು ಸರಕು ಕೆಟ್ಟದ್ದೆಂದಲ್ಲ; ಮೊದಲ ಗಳಿಕೆ ಬರುವ ಮುನ್ನ ಹಣ ಮುಗಿಯಿತೆಂದು.

ಇನ್ನೊಂದು ಅಂಕಣವೂ ಖಾಲಿಯಿತ್ತು. "ನಿಮ್ಮ ಕೂಲಿ ಎಲ್ಲಿ?" ಎಂದೆ.

"ನಮ್ಮ ಕೂಲಿ ಏಕೆ ಮಾವ? ಮಾಡುವವರು ನಾವೇ ಅಲ್ಲವೇ?"

ಈ ಮಾತನ್ನು ನಾನು ನನ್ನ ತಾಯಿಯಿಂದ ಕೇಳಿದ್ದೇನೆ, ತಂಗಿಯಿಂದ ಕೇಳಿದ್ದೇನೆ. ಹೆಣ್ಣುಮಕ್ಕಳ ದುಡಿಮೆಗೆ ಲೆಕ್ಕದ ಪುಸ್ತಕದಲ್ಲಿ ಜಾಗವಿಲ್ಲವೆಂಬುದು ನಮ್ಮ ಮನೆಗಳಲ್ಲಿ ಬೇರೂರಿದ ರೂಢಿ. ಆದರೆ ಅಂಕೆಗೆ ದಾಕ್ಷಿಣ್ಯವಿಲ್ಲ. ಸಾಬೂನಿಗೆ ಅವರಿಟ್ಟ ಬೆಲೆ 60 ರೂಪಾಯಿ. ಅದರಲ್ಲಿ ಅಂಗಡಿಯವರ ಐದನೆಯ ಒಂದು ಪಾಲು 12 ಕಳೆದರೆ 48. ಸಾಮಗ್ರಿಯ 40 ಕಳೆದರೆ ಎಂಟು. ಪೆಟ್ಟಿಗೆಯ ಬೆಲೆಯನ್ನು ಬಿಟ್ಟರೂ ಐನೂರು ಸಾಬೂನಿಗೆ ಉಳಿಯುವುದು 4,000. ತಿಂಗಳ ಖರ್ಚೇ 5,000. ಅಂದರೆ ಇಬ್ಬರು ಪುಕ್ಕಟೆ ದುಡಿದು, ಮೇಲೆ ಸಾವಿರ ರೂಪಾಯಿ ಕೈಯಿಂದ ತೆರಬೇಕು! ಬೆಲೆ 80 ಎಂದಿಟ್ಟರೆ ಅಂಗಡಿಯ ಪಾಲು ಹೋಗಿ 64, ಸಾಮಗ್ರಿ ಕಳೆದು 24, ಐನೂರಕ್ಕೆ 12,000, ಖರ್ಚು ಹೋಗಿ 7,000. ತಲೆಗೆ ಮೂರೂವರೆ ಸಾವಿರ. ಅದರಲ್ಲಿಯೂ ಪೆಟ್ಟಿಗೆಯ ಬೆಲೆ ಹೋಗಬೇಕು. ಹೆಚ್ಚಲ್ಲ, ಆದರೆ ಅದು ಕೂಲಿ, ದಂಡವಲ್ಲ.

ಸೊರಬದ ಹುಡುಗಿ ಮೆಲ್ಲಗೆ ಕೇಳಿದಳು: "ಮನೆಯಲ್ಲಿ ಕೆತ್ತನೆಯ ಗಂಧದ ಪುಡಿ ಉಳಿದಿರುತ್ತದೆ ಸಾರ್. ಅದನ್ನು ಬೆರೆಸಿದರೆ ಹೆಚ್ಚು ಬೆಲೆ ಬಾರದೇ?" ಬಂದೀತು. ಆದರೆ ಶ್ರೀಗಂಧ ಬಹುಕಾಲ ಸರ್ಕಾರದ ಸೊತ್ತಾಗಿದ್ದ ಮರ. 2001ರ ತಿದ್ದುಪಡಿಯಿಂದ ಭೂಮಿಯ ಒಡೆಯನೇ ಮರದ ಒಡೆಯನಾದರೂ ಕಡಿತ, ಸಾಗಾಟ, ಮಾರಾಟಗಳ ಮೇಲೆ ಕಾನೂನಿನ ಹಿಡಿತ ಉಳಿದೇ ಇದೆ. ಕೊಂಡ ಪ್ರತಿಯೊಂದು ಚೂರಿಗೂ ಕಾಗದ ಬೇಕು. ಕಾಗದವಿಲ್ಲದ ಪರಿಮಳ ಸಣ್ಣ ಬಂಡವಾಳಗಾರನಿಗೆ ಆಗದು.

ಶ್ರೀಗಂಧದ ಮಾತು ಬಂದಾಗ ನಮ್ಮ ಸಂಸ್ಥಾನದ ಸಾಬೂನಿನ ಕಥೆ ನೆನಪಾಗದೇ ಇರದು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಯೂರೋಪಿಗೆ ಗಂಧದ ಮರದ ರಫ್ತು ಕುಂಠಿತವಾಯಿತು. ಮರ ರಾಶಿಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ವಿಶ್ವೇಶ್ವರಯ್ಯನವರು ದಿವಾನರು. 1916ರಲ್ಲಿ ಎಣ್ಣೆ ತೆಗೆಯುವ ಕೆಲಸ ಇಲ್ಲಿಯೇ ಮೊದಲಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಸಾಬೂನಿನ ವಿದ್ಯೆ ಕಲಿತು ಬಂದರು; 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ತಲೆಯೆತ್ತಿತು. 1944ರಲ್ಲಿ ನಮ್ಮ ಶಿವಮೊಗ್ಗೆಗೂ ಗಂಧದೆಣ್ಣೆಯ ಕಾರ್ಖಾನೆ ಬಂದಿತು. ಮರ ರಾಶಿಬಿದ್ದಂದಿನಿಂದ ಸಾಬೂನು ಹೊರಬರುವವರೆಗೆ ನಾಲ್ಕು ವರ್ಷ. ಆ ನಾಲ್ಕು ವರ್ಷ ಕಾಯಲು ಒಂದು ಸಂಸ್ಥಾನದ ಬೊಕ್ಕಸವಿತ್ತು. ಈ ಇಬ್ಬರು ಹೆಣ್ಣುಮಕ್ಕಳಿಗೆ ಇರುವುದು ಒಂದು ಸರ.

ಹಾಗಾದರೆ ಕೈಬಿಡಬೇಕೆ? ಹಾಗೆ ನಾನು ಹೇಳಲಿಲ್ಲ. ಬ್ಯಾಂಕಿನ ದಾರಿಯಿದೆ. 2015ರಲ್ಲಿ ಬಂದ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿಯವರೆಗೆ ಅಡವಿಲ್ಲದೆ ಸಾಲ ದೊರೆಯುತ್ತದೆ. 2008ರ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲಿ ಗ್ರಾಮಾಂತರದ ಮಹಿಳೆಗೆ ಯೋಜನಾ ವೆಚ್ಚದ ಶೇಕಡ 35ರಷ್ಟು ಸಹಾಯಧನವುಂಟು. ಸ್ವಂತ ಪಾಲು ಶೇಕಡ 5. ಆದರೆ ಆ ಸಹಾಯಧನ ಮೂರು ವರ್ಷ ಬ್ಯಾಂಕಿನಲ್ಲಿಯೇ ಠೇವಣಿಯಾಗಿ ನಿಂತು ಅನಂತರ ಸಾಲಕ್ಕೆ ಜಮೆಯಾಗುತ್ತದೆ. ಅದನ್ನು ಕೈಯಲ್ಲಿರುವ ಹಣವೆಂದು ಎಣಿಸಬಾರದು.

ಇನ್ನು ಪರವಾನಗಿ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆ, 2020ರ ಕಾಂತಿವರ್ಧಕಗಳ ನಿಯಮಗಳ ಪ್ರಕಾರ ಮಾರುವುದಕ್ಕಾಗಿ ಮೈಸಾಬೂನು ತಯಾರಿಸಲು ರಾಜ್ಯದ ಪರವಾನಗಿ ಬೇಕು. ತಕ್ಕ ಸ್ಥಳ, ಸಲಕರಣೆ, ಅರ್ಹ ಸಿಬ್ಬಂದಿ ಬೇಕು. ಮನೆಯ ಅಡುಗೆಕೋಣೆ ಸಾಲದು. ಆದರೆ ಅದೇ ನಿಯಮಗಳಲ್ಲಿ ಲೋನ್ ಲೈಸೆನ್ಸ್ ಎಂಬುದೊಂದಿದೆ: ಪರವಾನಗಿಯುಳ್ಳ ಬೇರೊಬ್ಬರ ಕಾರ್ಖಾನೆಯಲ್ಲಿ ನಮ್ಮ ಸರಕನ್ನು ತಯಾರಿಸಿಕೊಳ್ಳಲು ಕೊಡುವ ಅನುಮತಿ. ಹೀಗೆ ಮಾಡಿದರೆ ಕೊಠಡಿಯ ನಲವತ್ತು ಸಾವಿರವೂ ಸಲಕರಣೆಯ ಮೂವತ್ತೈದು ಸಾವಿರವೂ ಸದ್ಯಕ್ಕೆ ಕೈಯಲ್ಲಿಯೇ ಉಳಿಯುತ್ತವೆ. ಕಾರ್ಖಾನೆಯವರ ಕೂಲಿ ತೆರಬೇಕು, ನಿಜ. ಆದರೆ ಸರಕು ಮಾಡಿಸಿದಾಗ ಮಾತ್ರ. ಬಾಡಿಗೆಯಾದರೋ ಮಾಡಿದರೂ ಮಾಡದಿದ್ದರೂ ತಪ್ಪದು.

ರಾತ್ರಿ ಊಟದ ನಂತರ ಇಬ್ಬರೂ ಹೊಸ ಪಟ್ಟಿ ಬರೆದರು. ಈ ಸಲ ಮೊದಲ ಪುಟದಲ್ಲಿ ತಾರೀಖುಗಳು, ಎರಡನೆಯ ಪುಟದಲ್ಲಿ ಹಣ. ಪ್ರಾರಂಭೋತ್ಸವವನ್ನು ಹೊಡೆದುಹಾಕಿದರು. ಮೊದಲ ತಯಾರಿಕೆ ಮುನ್ನೂರು ಸಾಬೂನು. ಅದನ್ನು ಅಂಗಡಿಗೆ ಉದ್ರಿ ಕೊಡದೆ ಶಿಕಾರಿಪುರದ ಹುಚ್ಚರಾಯಸ್ವಾಮಿ ಜಾತ್ರೆಯಲ್ಲಿ, ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಜಾತ್ರೆಯಲ್ಲಿ ನಗದಿಗೆ ಮಾರುವುದು. ಕೂಲಿಯ ಅಂಕಣದಲ್ಲಿ ತಮ್ಮಿಬ್ಬರ ಹೆಸರನ್ನೂ ಬರೆದರು. ಬರೆಯುವಾಗ ನನ್ನ ಸೊಸೆಗೆ ನಾಚಿಕೆಯಾದಂತಿತ್ತು. ಗೆಳತಿ ಮಾತ್ರ ದಪ್ಪಕ್ಷರದಲ್ಲಿ ಬರೆದಳು. ಕೊನೆಗೆ ಕೂಡಿಸಿ ನೋಡಿದರೆ ಕೂಡಿಟ್ಟ ಒಂದು ಲಕ್ಷದೊಳಗೇ ಬಂದಿತು. ಸರ ಕೊರಳಲ್ಲಿಯೇ ಉಳಿಯಿತು.

ಲೋನ್ ಲೈಸೆನ್ಸಿಗೆ ಅರ್ಜಿ ಹೋಗಿದೆ. ಅವರ ಉದ್ಯಮ ಗೆದ್ದಿತೆಂದು ಹೇಳುವ ಕಾಲ ಇನ್ನೂ ಬಂದಿಲ್ಲ. ಮೊನ್ನೆ ಅವರು ಮನೆಬಳಕೆಗೆಂದು ಪರೀಕ್ಷಾರ್ಥ ಮಾಡಿದ ಸಾಬೂನೊಂದನ್ನು ನನಗೆ ಕಳುಹಿಸಿದ್ದರು. ಮೇಲೆ ಸೊರಬದ ಅಚ್ಚಿನ ಹೂಬಳ್ಳಿ. ಸುತ್ತಿದ ಕಾಗದದ ಮೇಲೆ ಅದನ್ನು ಕತ್ತರಿಸಿದ ದಿನಾಂಕ. ಆರು ವಾರಕ್ಕೆ ಇನ್ನೂ ಹನ್ನೊಂದು ದಿನ ಬಾಕಿಯಿದೆ. ಅದನ್ನು ಕಿಟಕಿಯ ಬಳಿ ಗಾಳಿಗಿಟ್ಟು ಕಾಯುತ್ತಿದ್ದೇನೆ.