ಅಂಗಡಿಯ ಅಂಕಿತ
(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಿಂದ ಸಾಹಿತ್ಯ, ಸಂಗೀತ, ಇತಿಹಾಸಗಳನ್ನು ಕುರಿತು ಭಾಷಣಗಳಾಗುವುದು ವಾಡಿಕೆ. ಅಚ್ಚುಕೂಟದ ಕಸಬಿನವರಾದ ನಮ್ಮನ್ನು ಕರೆದು, ಚಿಕ್ಕ ವ್ಯಾಪಾರಿಗಳ ಹೆಸರು, ಗುರುತು, ನಾಮಫಲಕ, ಲೇಬಲ್ಲುಗಳ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಕಾರ್ಯಕಾರಿ ಸಮಿತಿಯವರು ಅಪ್ಪಣೆ ಮಾಡಿದಾಗ ನಮಗೆ ಸಂಕೋಚವೇ ಆಯಿತು. ಆದರೆ ಈ ಸಭೆಯನ್ನು ಒಮ್ಮೆ ಕಣ್ಣೆತ್ತಿ ನೋಡಿದ ಮೇಲೆ ಆ ಸಂಕೋಚ ಉಳಿದಿಲ್ಲ. ಇಲ್ಲಿ ಕಿರಾಣಿ ಅಂಗಡಿಯವರಿದ್ದಾರೆ, ಚಾದರ ನೇಯುವವರಿದ್ದಾರೆ, ಖಾನಾವಳಿ ನಡೆಸುವವರಿದ್ದಾರೆ, ಮನೆಯಲ್ಲಿಯೇ ಖಡಕ್ ರೊಟ್ಟಿ ಬಡಿದು ಮಾರುವ ತಾಯಂದಿರಿದ್ದಾರೆ. ಸೋಲಾಪುರ, ಅಕ್ಕಲಕೋಟೆ, ಜತ್ತ ಸೀಮೆಗಳ ಕನ್ನಡವು ಮನೆಯಲ್ಲಿ, ಮಠದಲ್ಲಿ, ಶಾಲೆಯಲ್ಲಿ ಬದುಕಿರುವಂತೆ ಪೇಟೆಯಲ್ಲಿಯೂ ಬದುಕಿದೆ. ಪೇಟೆಯಲ್ಲಿ ಅದು ಕಿವಿಗೆ ಕೇಳುತ್ತದೆ. ಕಣ್ಣಿಗೆ ಕಾಣುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇವೆ.

ಲಾಂಛನವೆಂದರೇನು? ಇದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಸೊನ್ನಲಿಗೆಯೆಂದು ಹೆಸರಾಗಿದ್ದ ಈ ಊರಿನ ಸಿದ್ಧರಾಮೇಶ್ವರರು ೧೨ನೆಯ ಶತಮಾನದಲ್ಲಿ ವಚನಗಳನ್ನು ರಚಿಸಿದರು. ಕೊನೆಯಲ್ಲಿ ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅಂಕಿತವನ್ನಿಟ್ಟರು. ‘ಕೂಡಲಸಂಗಮದೇವ’ ಎಂದೊಡನೆ ಬಸವಣ್ಣನವರು, ‘ಚೆನ್ನಮಲ್ಲಿಕಾರ್ಜುನ’ ಎಂದೊಡನೆ ಅಕ್ಕಮಹಾದೇವಿ ನಮ್ಮ ಮುಂದೆ ಬಂದು ನಿಲ್ಲುತ್ತಾರೆ. ಶರಣರ ಅಂಕಿತವನ್ನು ವ್ಯಾಪಾರದ ಮುದ್ರೆಗೆ ಹೋಲಿಸುವುದು ಅಪಚಾರವೆಂದು ತಾವು ತಿಳಿಯಬಾರದು. ಕಾಯಕಕ್ಕೆ ಮೇಲು ಕೀಳೆಂಬುದಿಲ್ಲವೆಂದು ಕಲಿಸಿದವರು ಅವರೇ ಅಲ್ಲವೇ? ಅಂಕಿತದಲ್ಲಿ ಮೂರು ಗುಣಗಳುಂಟು. ಅದು ಚಿಕ್ಕದು, ಅದು ಮೊದಲಿನಿಂದ ಕೊನೆಯವರೆಗೆ ಬದಲಾಗದು, ಅದರ ಮೇಲಿರುವ ಮಾತಿಗೆ ಅದೇ ಹೊಣೆ. ಅಂಗಡಿಯ ಗುರುತಿಗೂ ಇಷ್ಟೇ ಲಕ್ಷಣ. ನಾವು ಇಂದು ಹೇಳುವುದೆಲ್ಲವೂ ಈ ಮೂರು ಗುಣಗಳ ವಿವರಣೆಯೇ ಆಗಿದೆ.

ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿ ತಮ್ಮ ಮಗನೊಡನೆ ನಮ್ಮ ಅಚ್ಚುಕೂಟಕ್ಕೆ ಬಂದರು. ಕಬ್ಬಿಣದ ಒರಳಿನಲ್ಲಿ ಕುಟ್ಟಿದ ಶೇಂಗಾ ಹಿಂಡಿಯನ್ನು ಪೊಟ್ಟಣ ಕಟ್ಟಿ ಮಾರುವುದು ಅವರ ಕಾಯಕ. ಹಳೆಯ ಲೇಬಲ್ಲನ್ನು ನಮ್ಮ ಮುಂದಿಟ್ಟು, ಇದನ್ನೇ ಇನ್ನಷ್ಟು ಚೆಂದ ಮಾಡಿಕೊಡಬೇಕೆಂದರು. ಅದರಲ್ಲಿ ಆರು ಬಣ್ಣಗಳಿದ್ದವು, ನಾಲ್ಕು ಬಗೆಯ ಅಕ್ಷರಗಳಿದ್ದವು. ಎರಡು ಕಮಲ, ಒಂದು ಉದಯಸೂರ್ಯ, ನಡುವೆ ದೇವರ ಚಿತ್ರ. ಸುತ್ತಲೂ ಶುದ್ಧ, ಸ್ವಾದಿಷ್ಟ, ಉತ್ಕೃಷ್ಟವೆಂಬ ವಿಶೇಷಣಗಳು. ಎಲ್ಲವೂ ಇತ್ತು; ಹಿಂಡಿ ಮಾತ್ರ ಎಲ್ಲಿಯೂ ಕಾಣುತ್ತಿರಲಿಲ್ಲ.

ನಾವು ಅವರನ್ನು ಮೂರು ಪ್ರಶ್ನೆ ಕೇಳಿದೆವು. ಕೊಳ್ಳುವವರು ಯಾರು? ಅವರು ಎಷ್ಟು ದೂರದಿಂದ ನೋಡುತ್ತಾರೆ? ಬೇರೆಯವರಲ್ಲಿಲ್ಲದ್ದು ನಿಮ್ಮಲ್ಲಿ ಏನಿದೆ? ಕೊಳ್ಳುವವರು ಬಸ್ ನಿಲ್ದಾಣದ ಪ್ರಯಾಣಿಕರು, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಬಂದವರು. ನೋಡುವುದು ಅಂಗಡಿಯ ಕಟ್ಟೆಯಾಚೆ ನಿಂತು, ಹತ್ತಾರು ಪೊಟ್ಟಣಗಳ ನಡುವೆ. ಮೂರನೆಯ ಪ್ರಶ್ನೆಗೆ ಆ ತಾಯಿ ಕ್ಷಣವೂ ಯೋಚಿಸಲಿಲ್ಲ. “ನಾವು ಕುಟ್ಟತೀವ್ರಿ, ಮಷಿನಿಗೆ ಹಾಕೂದಿಲ್ಲ” ಎಂದರು. ಲಾಂಛನವು ಆ ಮಾತಿನಲ್ಲಿಯೇ ಇತ್ತು. ಒಂದು ಒರಳು, ಒಂದು ಒನಕೆ, ಕೆಲವೇ ಗೆರೆಗಳು. ತಿಳಿ ಕಾಗದದ ಮೇಲೆ ಇಟ್ಟಿಗೆಗೆಂಪಿನ ಒಂದೇ ಬಣ್ಣ. ಖರ್ಚೂ ಇಳಿಯಿತು. ಮಾರಾಟ ಇಮ್ಮಡಿಯಾಯಿತೆಂದು ಹೇಳಿಕೊಳ್ಳಲು ನಮ್ಮಲ್ಲಿ ಲೆಕ್ಕವಿಲ್ಲ. ಆದರೆ ಓದು ಬಾರದವರೂ, ಭಾಷೆ ಬಾರದವರೂ “ಆ ಒರಳಿನದು ಕೊಡಿ” ಎಂದು ಕೈತೋರಿಸಿ ಕೇಳತೊಡಗಿದರೆಂದು ಅಂಗಡಿಯವರು ಹೇಳಿದರು. ಲಾಂಛನದಿಂದ ಇದಕ್ಕಿಂತ ಹೆಚ್ಚಿನದನ್ನು ಬಯಸಬೇಕಾಗಿಲ್ಲ.

ದೇವರ ಚಿತ್ರದ ಬಗ್ಗೆ ಒಂದು ಮಾತು. ಭಕ್ತಿಯಿಂದಲೇ ಹಾಕುತ್ತೇವೆ, ನಿಜ. ಆದರೆ ಪೊಟ್ಟಣವು ಹರಿಯುತ್ತದೆ, ಕಸದಲ್ಲಿ ಬೀಳುತ್ತದೆ, ಕಾಲಿಗೆ ಸಿಕ್ಕುತ್ತದೆ. ದೇವರು ಅಂಗಡಿಯ ಗೋಡೆಯ ಮೇಲಿರಲಿ. ಪೊಟ್ಟಣದ ಮೇಲೆ ನಿಮ್ಮ ಕಾಯಕವಿರಲಿ.

ದೊಡ್ಡ ಉದ್ಯಮಗಳೂ ನಡೆದದ್ದು ಇದೇ ದಾರಿಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೧೮ರಲ್ಲಿ, ಬೆಂಗಳೂರಿನಲ್ಲಿ ಸರಕಾರದ ಸಾಬೂನಿನ ಕಾರ್ಖಾನೆ ಆರಂಭವಾಯಿತು. ಮೈಸೂರು ಸ್ಯಾಂಡಲ್ ಸಾಬೂನಿನ ಗುರುತು ಶರಭ: ಸಿಂಹದ ಮೈ, ಆನೆಯ ತಲೆ. ಅದರ ಪೆಟ್ಟಿಗೆಯನ್ನು ಒಡವೆಯ ಪೆಟ್ಟಿಗೆಯಂತೆ ರೂಪಿಸಿದರು. ಒಂದು ಶತಮಾನ ಕಳೆದರೂ ಆ ಶರಭವನ್ನು ಕೈಬಿಟ್ಟಿಲ್ಲ. ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್ ಅವರು ೧೯೫೪ರಲ್ಲಿ ಏಷ್ಯನ್ ಪೇಂಟ್ಸ್ ಕಂಪನಿಗಾಗಿ ಕುಂಚ ಹಿಡಿದ ತುಂಟ ಹುಡುಗ ಗಟ್ಟುವನ್ನು ಬರೆದುಕೊಟ್ಟರು. ಸುಮಾರು ಅರ್ಧ ಶತಮಾನ ಕಾಲ ಆ ಹುಡುಗನೇ ಬಣ್ಣದ ಡಬ್ಬಿಯ ಗುರುತಾಗಿದ್ದನು. ಇವೆರಡರಿಂದ ಕಲಿಯಬೇಕಾದದ್ದು ಹಣದ ಬಲವನ್ನಲ್ಲ, ಒಂದನ್ನು ಹಿಡಿದು ನಿಲ್ಲುವ ತಾಳ್ಮೆಯನ್ನು. ನಮ್ಮ ವ್ಯಾಪಾರಿಗಳು ದೀಪಾವಳಿಗೊಮ್ಮೆ ಫಲಕ ಬದಲಿಸುತ್ತಾರೆ, ಯುಗಾದಿಗೊಮ್ಮೆ ಬಣ್ಣ ಬದಲಿಸುತ್ತಾರೆ. ಫಲಕದಲ್ಲೊಂದು ಹೆಸರು, ರಶೀದಿಯಲ್ಲಿ ಇನ್ನೊಂದು, ಚೀಲದ ಮೇಲೆ ಮತ್ತೊಂದು. ಗಿರಾಕಿಯು ಗುರುತು ಹಿಡಿಯುವುದಾದರೂ ಯಾವುದನ್ನು?

ಹೊಸ ಲಾಂಛನವನ್ನು ಒಪ್ಪಿಕೊಳ್ಳುವ ಮೊದಲು ಅದಕ್ಕೆ ಮೂರು ಪರೀಕ್ಷೆಗಳನ್ನು ಒಡ್ಡಬೇಕು. ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ತೆಗೆದರೂ ಅದು ತಿಳಿಯಬೇಕು. ಹೆಬ್ಬೆಟ್ಟಿನ ಉಗುರಿನಷ್ಟು ಚಿಕ್ಕದಾಗಿಸಿದರೂ ತಿಳಿಯಬೇಕು. ಇಂದು ಗಿರಾಕಿಯು ಅದನ್ನು ಮೊದಲು ನೋಡುವುದು ಮೊಬೈಲಿನ ವಾಟ್ಸ್‌ಆಪ್ ವೃತ್ತದಲ್ಲಿಯೇ. ರಸ್ತೆಯ ಆಚೆ ಬದಿಯಿಂದ ನೋಡಿದರೂ ತಿಳಿಯಬೇಕು. ಕಂಪ್ಯೂಟರಿನ ಪರದೆಯ ಬಣ್ಣ ಬೆಳಕಿನದು, ಕಾಗದದ ಬಣ್ಣ ಮಸಿಯದು. ಪರದೆಯ ಹೊಳಪು ಕಾಗದದಲ್ಲಿ ಬಾರದು. ಆದುದರಿಂದ ಒಂದು ಪ್ರತಿಯನ್ನು ಅಚ್ಚಿಳಿಸಿ, ಹಗಲ ಬೆಳಕಿನಲ್ಲಿ ನೋಡಿ, ಆಮೇಲೆ ಸಾವಿರಕ್ಕೆ ಒಪ್ಪಿಗೆ ಕೊಡಬೇಕು. ಚಿತ್ರ ಬರೆದವರಿಂದ ಎಷ್ಟು ಹಿಗ್ಗಿಸಿದರೂ ಮಸುಕಾಗದ ಮೂಲ ಫೈಲನ್ನು ಕೇಳಿ ಪಡೆದು ಭದ್ರವಾಗಿಡಬೇಕು. ಅದಿಲ್ಲದೆ ಮುಂದೊಂದು ದಿನ ಫಲಕ ಬರೆಸಲು ಹೋದವರು ಹಳೆಯ ಪೊಟ್ಟಣವನ್ನೇ ಹಿಡಿದು ಅಲೆಯಬೇಕಾಗುತ್ತದೆ.

ಇನ್ನು ಹೆಸರಿನ ಮಾತು. ಶುದ್ಧ, ಉತ್ತಮ ಎಂಬಂತಹ ಗುಣವಾಚಕಗಳೂ ಬರಿಯ ಊರ ಹೆಸರುಗಳೂ ಒಬ್ಬರ ಸೊತ್ತಾಗಲಾರವು. ಅಂತಹವನ್ನೇ ಹೆಸರಾಗಿಟ್ಟುಕೊಂಡರೆ ೧೯೯೯ರ ಟ್ರೇಡ್ ಮಾರ್ಕ್ ಕಾಯಿದೆಯಂತೆ ನೋಂದಣಿಯೂ ಸುಲಭವಲ್ಲ. ಸೋಲಾಪುರಿ ಚಾದರವೆಂಬ ಹೆಸರಿಗೆ ಭೌಗೋಳಿಕ ಸೂಚಿಯ ರಕ್ಷಣೆಯಿದೆ. ಅದು ಇಲ್ಲಿಯ ನೇಕಾರ ಸಮೂಹದ ಸೊತ್ತು. ಹೆಸರನ್ನು ಆರಿಸುವ ಮೊದಲು ಅದು ಬೇರೆಯವರದೇ ಎಂದು ಟ್ರೇಡ್ ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಯಾರೂ ಖರ್ಚಿಲ್ಲದೆ ನೋಡಬಹುದು. ಸರಕು ಸೇವೆಗಳನ್ನು ಒಟ್ಟು ೪೫ ವರ್ಗಗಳಾಗಿ ವಿಂಗಡಿಸಲಾಗಿದೆ. ವ್ಯಕ್ತಿಗಳಿಗೂ ಚಿಕ್ಕ ಉದ್ಯಮಗಳಿಗೂ, ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿದರೆ, ವರ್ಗವೊಂದಕ್ಕೆ ೪,೫೦೦ ರೂಪಾಯಿ ಶುಲ್ಕ. ನೋಂದಣಿಯು ೧೦ ವರ್ಷ ನಡೆಯುತ್ತದೆ, ಮತ್ತೆ ನವೀಕರಿಸಬಹುದು. ನೋಂದಣಿಯಾಗುವ ಮೊದಲೇ ವೃತ್ತದೊಳಗೆ ಆರ್ ಅಕ್ಷರವನ್ನು ಹಾಕಿಕೊಳ್ಳುವುದು ಅಪರಾಧವೆಂಬುದನ್ನು ಮರೆಯಬಾರದು.

ತಿನಿಸಿನ ಪೊಟ್ಟಣದ ಮೇಲೆ ಇರಲೇಬೇಕಾದ ವಿವರಗಳುಂಟು: ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ತಯಾರಿಸಿದ ಕಾಲ, ಬಳಕೆಯ ಅವಧಿ, ತೆರಿಗೆ ಸೇರಿದ ಗರಿಷ್ಠ ಬೆಲೆ, ಅಡಕವಾದ ಪದಾರ್ಥಗಳು, ದೂರು ಹೇಳಲು ಫೋನ್ ಸಂಖ್ಯೆ, ಆಹಾರ ಸುರಕ್ಷತಾ ಪ್ರಾಧಿಕಾರದ ೧೪ ಅಂಕಿಗಳ ಸಂಖ್ಯೆ, ಸಸ್ಯಾಹಾರವಾದರೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ. ಈ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿರಬೇಕು. ಜೊತೆಗೆ ಬೇರೆ ಭಾಷೆಯಲ್ಲಿಯೂ ಬರೆಯಲು ಅಡ್ಡಿಯಿಲ್ಲ. ಇವುಗಳಿಗೆ ಮೊದಲೇ ಸ್ಥಳ ಬಿಟ್ಟು ಆಮೇಲೆ ಚಿತ್ರವನ್ನು ಕೂರಿಸುವುದು ಜಾಣತನ.

ಈಗ ಕನ್ನಡ ಅಕ್ಷರಗಳ ವಿಷಯ. ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಆ ತಾಯಿಯ ಲೇಬಲ್ಲಿನ ಕೆಳಸಾಲಿನಲ್ಲಿ ‘ಅವ್ವನ ಕೈ ಹಿಂಡಿ’ ಎಂದು ಬರೆದಿದ್ದೆವು. ದೇವನಾಗರಿಯು ತಲೆಗೆರೆಯಿಂದ ಕೆಳಗೆ ಇಳಿಬಿದ್ದ ಲಿಪಿ. ನಮ್ಮದು ದುಂಡಗೆ ಕುಳಿತು, ಒತ್ತಕ್ಷರಗಳನ್ನು ಕಾಲಬುಡದಲ್ಲಿ ಇಟ್ಟುಕೊಂಡ ಲಿಪಿ. ಮರಾಠಿಯ ಸಾಲಿಗೆ ಬಿಡುವಷ್ಟೇ ಜಾಗವನ್ನು ಕನ್ನಡಕ್ಕೂ ಬಿಟ್ಟು, ಅದನ್ನು ಕಾಗದದ ಅಂಚಿಗೆ ತೀರ ಹತ್ತಿರ ಕೂರಿಸಿದ್ದೆವು. ಎರಡನೆಯ ಸಲದ ಮುದ್ರಣದಲ್ಲಿ ಕಟಿಂಗ್ ಯಂತ್ರ ಕೊಂಚ ಸರಿಯಿತು, ಒತ್ತಕ್ಷರ ಹಾರಿಹೋಯಿತು. ‘ಅವ್ವನ ಕೈ ಹಿಂಡಿ’ ಎಂಬುದು ‘ಅವನ ಕೈ ಹಿಂಡಿ’ಯಾಗಿ ಪೇಟೆಗೆ ಹೋಯಿತು! ಆ ತಾಯಿ ನಕ್ಕರು. ನಮಗೆ ನಗು ಬರಲಿಲ್ಲ. ಇಡೀ ಕಂತನ್ನು ನಮ್ಮ ಖರ್ಚಿನಲ್ಲಿ ಮತ್ತೆ ಅಚ್ಚುಮಾಡಿಕೊಟ್ಟೆವು. ಅಂದಿನಿಂದ ಯಾವ ಅಕ್ಷರವನ್ನೂ ಅಂಚಿನಿಂದ ಮೂರು ಮಿಲಿಮೀಟರಿಗಿಂತ ಹತ್ತಿರ ಇಡುವುದಿಲ್ಲ. ಕನ್ನಡದ ಸಾಲಿನ ಕೆಳಗೆ ಒತ್ತಿಗೆಂದು ಬೇರೆಯೇ ಜಾಗ ಬಿಡುತ್ತೇವೆ.

ಇನ್ನೊಂದು ತೊಂದರೆ ಹಳೆಯ ಬಗೆಯ ಫಾಂಟುಗಳದು. ಒಂದು ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಂಡದ್ದು ಆ ಫಾಂಟಿಲ್ಲದ ಮತ್ತೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತದೆ. ಯುನಿಕೋಡಿನಲ್ಲಿಯೇ ಬರೆಸಿದರೆ ಈ ಕಷ್ಟ ತಪ್ಪುತ್ತದೆ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ ಮುಂತಾದ ಯುನಿಕೋಡ್ ಫಾಂಟುಗಳು ಉಚಿತವಾಗಿ ದೊರೆಯುತ್ತವೆ, ವ್ಯಾಪಾರಕ್ಕೂ ಬಳಸಬಹುದು. ಅಚ್ಚಿಗೆ ಕೊಡುವ ಮೊದಲು ಕನ್ನಡ ಬಲ್ಲವರೊಬ್ಬರು ಅಕ್ಷರ ಅಕ್ಷರವನ್ನೂ ಓದಲೇಬೇಕು. ಗಡಿನಾಡಿನ ಅಚ್ಚುಕೂಟಗಳಲ್ಲಿ ಕನ್ನಡ ಓದಬಲ್ಲ ಕೆಲಸಗಾರರು ಎಲ್ಲೆಡೆಯೂ ಇರುವುದಿಲ್ಲ.

ಆರಂಭದ ಪ್ರಶ್ನೆಗೆ ಈಗ ಬರುತ್ತೇವೆ. ಪೇಟೆಯಲ್ಲಿ ಕನ್ನಡ ಕಣ್ಣಿಗೆ ಕಾಣುತ್ತದೆಯೇ? ಕಾನೂನು ಬಿಡುವುದಿಲ್ಲವೆಂದು ಹೇಳಿ ಅನೇಕರು ಫಲಕದಿಂದ ಕನ್ನಡವನ್ನು ಅಳಿಸಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ೨೦೧೭ರ ಮಹಾರಾಷ್ಟ್ರದ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಗೆ ೨೦೨೨ರಲ್ಲಿ ಆದ ತಿದ್ದುಪಡಿಯಂತೆ, ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಯೂ ಸೇರಿ ಎಲ್ಲ ಅಂಗಡಿಗಳ ಫಲಕಗಳಲ್ಲಿ ದೇವನಾಗರಿ ಲಿಪಿಯ ಮರಾಠಿ ಇರಬೇಕು. ಅದು ಮೊದಲು ಬರಬೇಕು. ಅದರ ಅಕ್ಷರಗಳು ಬೇರೆ ಭಾಷೆಯ ಅಕ್ಷರಗಳಿಗಿಂತ ಚಿಕ್ಕವಾಗಿರಬಾರದು. ಅದರ ಜೊತೆಗೆ ಬೇರೆ ಭಾಷೆಯನ್ನೂ ಬರೆಯಬಹುದೆಂದು ಅದೇ ಕಾಯಿದೆ ಹೇಳುತ್ತದೆ. ನಾವು ವಾಸಿಸುವ ರಾಜ್ಯದ ಭಾಷೆಗೆ ಮೊದಲ ಮಣೆ ಹಾಕುವುದು ನಮ್ಮ ಕರ್ತವ್ಯ. ಅದರ ಪಕ್ಕದಲ್ಲಿ, ಅದೇ ಅಳತೆಯಲ್ಲಿ, ನಮ್ಮ ತಾಯ್ನುಡಿಯನ್ನು ಕೂರಿಸುವುದು ನಮ್ಮ ಹಕ್ಕು. ಕಾನೂನು ಕೊಟ್ಟ ಸ್ಥಳವನ್ನು ಅಂಜಿಕೆಯಿಂದ ನಾವೇ ಖಾಲಿ ಬಿಟ್ಟರೆ ಯಾರನ್ನು ದೂರೋಣ?

ಹಿಂಡಿಯ ಲೇಬಲ್ಲನ್ನು ಮೊದಲ ಸಲ ಬರೆಯುತ್ತಿದ್ದಾಗ ಆ ತಾಯಿಯ ಮಗನೂ ಇದೇ ಅಂಜಿಕೆಯನ್ನು ಆಡಿದ್ದನು. “ಕನ್ನಡ ತಗದುಬಿಡ್ರಿ, ಮರಾಠಿ ಗಿರಾಕಿ ಹಿಂಜರೀತಾರ” ಎಂದನು. ಅವನನ್ನು ತಪ್ಪೆನ್ನಲಾಗದು, ಅವನಿಗೆ ಹೊಟ್ಟೆಪಾಡಿನ ಚಿಂತೆ. ತಾಯಿ ಮಾತ್ರ ಅವನ ಮುಖ ನೋಡಿ, “ಹಿಂಡಿ ಕುಟ್ಟೂದು ನನಗ ಕಲಿಸಿದಾಕಿ ನಮ್ಮವ್ವ. ಆಕಿ ಮಾತು ತಗದು ಆಕಿ ಕೈರುಚಿ ಹ್ಯಾಂಗ ಮಾರಲೋ?” ಎಂದರು. ಮರಾಠಿಯಲ್ಲಿ ‘ಶೇಂಗಾ ಚಟಣಿ’, ಕನ್ನಡದಲ್ಲಿ ‘ಅವ್ವನ ಕೈ ಹಿಂಡಿ’ ಎಂದು ಎರಡೂ ಉಳಿದವು. ಮರಾಠಿ ಗಿರಾಕಿಗಳು ಹಿಂಜರಿಯಲಿಲ್ಲ. ಅವರು ನೋಡಿದ್ದು ಒರಳನ್ನು, ಮತ್ತೆ ಬಂದದ್ದು ರುಚಿಗಾಗಿ. ಲಾಂಛನವು ಗಿರಾಕಿಯನ್ನು ಒಂದು ಸಲ ಕರೆತರಬಲ್ಲದು. ಎರಡನೆಯ ಸಲ ಕರೆತರುವುದು ಸರಕು. ಮಾತು ಸುಳ್ಳಾದರೆ ಅಂಕಿತವೇ ಸಾಕ್ಷಿಯಾಗಿ ನಿಲ್ಲುತ್ತದೆ.

ಕಡೆಯದಾಗಿ ಒಂದು ವಿನಂತಿ. ನಮ್ಮ ಕನ್ನಡ ಶಾಲೆಯ ಮಗು ಪುಸ್ತಕ ಮುಚ್ಚಿ ಬೀದಿಗೆ ಬಂದರೆ ತಾನು ಕಲಿತ ಅಕ್ಷರಗಳನ್ನು ಎಲ್ಲಿ ಕಾಣಬೇಕು? ಬಸ್ಸಿನ ಮೇಲೆ ಅವಿಲ್ಲ, ಕಚೇರಿಯ ಬಾಗಿಲಲ್ಲಿ ಅವಿಲ್ಲ. ತಂದೆಯ ಅಂಗಡಿಯ ಫಲಕದ ಮೇಲಾದರೂ ಅವು ಇದ್ದರೆ, ಕಲಿತದ್ದು ಬದುಕಿನಲ್ಲಿ ಇದೆಯೆಂದು ಆ ಮಗುವಿಗೆ ಅರಿವಾಗುತ್ತದೆ. ಅಕ್ಷರ ವಿನ್ಯಾಸದ ಕಸಬನ್ನು ಕಲಿಯಬಯಸುವ ನಮ್ಮ ಹುಡುಗ ಹುಡುಗಿಯರಿಗೆ ಅಚ್ಚುಕೂಟದ ಬಾಗಿಲು ತೆರೆದಿದೆ. ತಮ್ಮ ಹಳೆಯ ಲೇಬಲ್ಲುಗಳನ್ನು ತಂದು ತೋರಿಸುವ ವ್ಯಾಪಾರಿಗಳಿಗೆ ಸಲಹೆ ಹೇಳಲು ನಾವು ಏನನ್ನೂ ಕೇಳುವುದಿಲ್ಲ.