ಶಿಕ್ಷೆ ಸಾಲದೆಂದು ಕೇಳುವವರು ಯಾರು?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಹೋಟೆಲಿನ ಬಾಗಿಲು ಎಳೆದ ಮೇಲೆ ಫುಟ್‌ಪಾತಿನಲ್ಲಿ ಚಾಪೆ ಹಾಸುವವರು ನಮ್ಮಲ್ಲಿದ್ದಾರೆ. ಆದ್ದರಿಂದ ಇದು ವಕೀಲರ ವಿಷಯ ಮಾತ್ರವಲ್ಲ, ನಮ್ಮದೂ ಹೌದು.

2006ರ ನವೆಂಬರ್ 12ರ ನಸುಕಿನಲ್ಲಿ ಮುಂಬಯಿಯ ಕಾರ್ಟರ್ ರೋಡಿನಲ್ಲಿ ರಸ್ತೆ ಕೆಲಸದ ಕೂಲಿಗಳು ಫುಟ್‌ಪಾತಿನ ಮೇಲೆ ಮಲಗಿದ್ದರು. ಕುಡಿದವನೊಬ್ಬನ ಕಾರು ಅವರ ಮೇಲೆ ಹರಿಯಿತು. ಏಳು ಜನ ಸತ್ತರು, ಎಂಟು ಜನ ಗಾಯಗೊಂಡರು. 100 ಮಿ.ಲೀ. ರಕ್ತದಲ್ಲಿ ಮದ್ಯ 30 ಮಿ.ಗ್ರಾಂ. ಮೀರಬಾರದೆಂದು ಕಾನೂನು. ಅವನ ರಕ್ತದಲ್ಲಿದ್ದುದು 112.

2007ರಲ್ಲಿ ಕೆಳಗಿನ ಕೋರ್ಟು ಇದನ್ನು ಬರೀ ಅಜಾಗರೂಕತೆ ಎಂದಿತು. ಆರು ತಿಂಗಳ ಸಜೆ, 5 ಲಕ್ಷ ದಂಡ. ಅದೇ ವರ್ಷ ಹೈಕೋರ್ಟು ತಾನಾಗಿಯೇ ವಿಷಯ ಕೈಗೆತ್ತಿಕೊಂಡಿತು. ಹೀಗೆ ಓಡಿಸಿದರೆ ಜೀವ ಹೋದೀತೆಂಬ ಅರಿವು ಅವನಿಗಿತ್ತೆಂದು ಹೇಳಿ ಮೂರು ವರ್ಷದ ಸಜೆ ಕೊಟ್ಟಿತು. ಅವನು ಸುಪ್ರೀಂ ಕೋರ್ಟಿಗೆ ಹೋದ. 2012ರ ಜನವರಿಯಲ್ಲಿ ಅವನ ಅಪೀಲು ಬಿತ್ತು. ಹತ್ತು ವರ್ಷದವರೆಗೆ ಸಜೆಯಿದ್ದ ಅಪರಾಧಕ್ಕೆ ಮೂರು ವರ್ಷ ತೀರ ಕಡಮೆಯೆಂದು ಆ ಕೋರ್ಟೇ ಹೇಳಿತು. ಆದರೂ ಹೆಚ್ಚಿಸಲಿಲ್ಲ. ಏಕೆ? ಹೆಚ್ಚಿಸಿರೆಂದು ಸರಕಾರ ಅಲ್ಲಿ ಅಪೀಲು ಹಾಕಿರಲಿಲ್ಲ!

ಇಲ್ಲಿ ನಾವು ಕಲಿಯಬೇಕಾದ್ದಿದೆ. ಆರೋಪಿ ಬಿಡುಗಡೆಯಾದರೆ, ಸಣ್ಣ ಅಪರಾಧವೆಂದು ತೀರ್ಪಾದರೆ, ಇಲ್ಲವೆ ಪರಿಹಾರ ಸಾಲದಿದ್ದರೆ, ನೊಂದವನೇ ಅಪೀಲು ಹಾಕಬಹುದು. ಈ ಹಕ್ಕು 2009ರ ಕೊನೆಯಿಂದ ಬಂದಿದೆ. ಆದರೆ ಸಜೆ ಸಾಲದೆಂದು ಮಾತ್ರ ಅಪೀಲು ಹಾಕಬೇಕಾದ್ದು ಸರಕಾರವೇ. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ.

2024ರ ಜುಲೈ 1ರಿಂದ ಹೊಸ ಸಂಹಿತೆ ಬಂದಿದೆ. ದುಡುಕಿನಿಂದ ತೀವ್ರ ಗಾಯ ಮಾಡಿದವನಿಗೆ ಮೂರು ವರ್ಷದವರೆಗೆ ಸಜೆಯಾಗಬಹುದು. ಸಾವಾದರೆ ಐದು ವರ್ಷದವರೆಗೆ. ಸಾವಾದೀತೆಂಬ ಅರಿವಿತ್ತೆಂದು ರುಜುವಾದರೆ ಹತ್ತು ವರ್ಷದವರೆಗೆ. ಆ ರುಜುವಾತು ಮೊದಲ ದಿನವೇ ಸಿಗಬೇಕು. ಗಾಂಜಾ, ಮಾತ್ರೆಗಳ ಅಮಲಿಗೆ ಮದ್ಯಕ್ಕಿರುವಂಥ ಅಳತೆ ಮೋಟಾರು ಕಾನೂನಿನಲ್ಲಿಲ್ಲ. ಗಾಡಿಯನ್ನು ಹಿಡಿತದಲ್ಲಿಡಲಾರದಷ್ಟು ಅಮಲಿತ್ತೆಂದು ತೋರಿಸಬೇಕು. ಹೊತ್ತು ಹೋದಂತೆ ರಕ್ತದಲ್ಲಿನ ಸಾಕ್ಷ್ಯವೂ ಕರಗುತ್ತದೆ.

ಆದ್ದರಿಂದ ಬಂಧುಗಳೇ, ನಮ್ಮವನೊಬ್ಬ ಗಾಡಿಯ ಕೆಳಗೆ ಬಿದ್ದರೆ ಆಸ್ಪತ್ರೆಯಲ್ಲಿ ಅತ್ತು ಮನೆಗೆ ಬರಬೇಡಿರಿ. ಚಾಲಕನ ರಕ್ತಪರೀಕ್ಷೆ ಆಯಿತೇ ಎಂದು ಪೊಲೀಸರನ್ನು ಕೇಳಿರಿ. ಯಾವ ಕಲಮು ಹಾಕಿದರೆಂದು ಓದಿಸಿ ತಿಳಿಯಿರಿ. ತೀರ್ಪಿನ ದಿನ ಕೋರ್ಟಿನಲ್ಲಿರಿ. ಸಜೆ ಸಾಲದಿದ್ದರೆ ಅಪೀಲು ಹಾಕಿರೆಂದು ಸರಕಾರಿ ವಕೀಲರಿಗೆ ಕೂಡಲೇ ಅರ್ಜಿ ಕೊಡಿರಿ. ಬರೆಯಲು ಬಾರದವರು ಸಂಘದ ಕಚೇರಿಗೆ ಬನ್ನಿರಿ, ನಾವು ಬರೆದುಕೊಡುತ್ತೇವೆ. ಕೂಲಿಯವನ ಜೀವಕ್ಕೂ ಬೆಲೆಯಿದೆ. ಅದನ್ನು ಕೇಳಿ ಪಡೆಯುವ ಕೆಲಸ ನಮ್ಮದು.