ಕೋಷ್ಟಕದ ಶೀರ್ಷಿಕೆ: ವಿಭಾಗದ ಗಡಿ, ಕೋಶದ ಸಂಬಂಧ



ಯಾರ ಹೆಸರಿನಲ್ಲಿ ಈ ದತ್ತಿ ಉಪನ್ಯಾಸ ನಡೆದು ಬರುತ್ತಿದೆಯೋ ಆ ಹಿರಿಯರು, ತಾಂತ್ರಿಕ ವಿಷಯಗಳನ್ನೂ ಕನ್ನಡದಲ್ಲೇ ಬಿಡಿಸಿ ಹೇಳಬೇಕೆಂದು ಬಯಸಿದವರು. ಅದಕ್ಕೆ ತಕ್ಕಂತೆ ವೆಬ್ ಪುಟದ ಕೋಷ್ಟಕವನ್ನು, ಅದರಲ್ಲೂ ಅದರ ಶೀರ್ಷಿಕೆಯ ಭಾಗವನ್ನು ಇಂದು ಎತ್ತಿಕೊಂಡಿದ್ದೇನೆ. ಯಾವ ಪ್ರಾಥಮಿಕ ಪುಸ್ತಕದಲ್ಲಾದರೂ ಸಿಗುವ ಮೂಲ ಸಂಗತಿಗಳನ್ನು ಬೇಗ ಮುಗಿಸುತ್ತೇನೆ. ಎಚ್‌ಟಿಎಂಎಲ್‌ನಲ್ಲಿ ಟೇಬಲ್ ಟ್ಯಾಗಿನೊಳಗೆ ಟಿಆರ್ ಎಂದರೆ ಒಂದು ಸಾಲು. ಸಾಲಿನೊಳಗೆ ಟಿಡಿ ಮಾಹಿತಿಯ ಕೋಶ, ಟಿಎಚ್ ಶೀರ್ಷಿಕೆಯ ಕೋಶ. ಸಾಲುಗಳನ್ನು ಟಿಹೆಡ್, ಟಿಬಾಡಿ, ಟಿಫುಟ್ ಎಂಬ ವಿಭಾಗಗಳಾಗಿ ಕಟ್ಟಬಹುದು. 1996ರ ಮೇ ತಿಂಗಳಲ್ಲಿ ಡೇವ್ ರಾಗೆಟ್ ಅವರು ರೂಪಿಸಿದ ಆರ್‌ಎಫ್‌ಸಿ 1942 ಎಂಬ ದಾಖಲೆಯಲ್ಲೇ ಈ ವಿಭಾಗಗಳಿದ್ದವು. 1997ರ ಜನವರಿಯ ಎಚ್‌ಟಿಎಂಎಲ್ 3.2 ಅವನ್ನು ಬಿಟ್ಟು ಸರಳ ಕೋಷ್ಟಕವನ್ನಷ್ಟೇ ಉಳಿಸಿಕೊಂಡಿತು. ಅದೇ ವರ್ಷದ ಡಿಸೆಂಬರಿನ 4.0 ಅವನ್ನು ಮರಳಿ ತಂದಿತು. ಜೊತೆಗೆ ಶೀರ್ಷಿಕೆಗೂ ಮಾಹಿತಿಗೂ ನಂಟು ಹೇಳುವ ಸ್ಕೋಪ್ ಮತ್ತು ಹೆಡರ್ಸ್ ಎಂಬ ಗುಣಲಕ್ಷಣಗಳನ್ನೂ ಕೊಟ್ಟಿತು.

ವಿವಾದ ಇರುವುದು ಇಲ್ಲಿಂದ ಮುಂದೆ. ಮೊದಲ ಸಾಲನ್ನು ಟಿಹೆಡ್ಡಿನೊಳಗೆ ಇಟ್ಟರೆ ಶೀರ್ಷಿಕೆಯ ಕೆಲಸ ಮುಗಿಯಿತು ಎಂಬುದು ಒಂದು ಪಕ್ಷ. ತೆರೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಬಳಸುವವರಿಗೆ ಟಿಹೆಡ್ಡಿನಿಂದ ಏನೂ ದಕ್ಕುವುದಿಲ್ಲ, ಆದ್ದರಿಂದ ಅದು ಬೇಡವೇ ಬೇಡ ಎಂಬುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಎರಡೂ ಪಕ್ಷಗಳು ಎರಡು ಬೇರೆ ಕೆಲಸಗಳನ್ನು ಒಂದೇ ಎಂದು ತಿಳಿದಿವೆ. ವಿಭಾಗವು ಸಾಲುಗಳ ಗುಂಪಿಗೆ ಗಡಿ ಹಾಕುತ್ತದೆ. ಯಾವ ಮಾಹಿತಿಗೆ ಯಾವ ಶೀರ್ಷಿಕೆ ಎಂಬುದನ್ನು ಕೋಶವೇ ಸಾರಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಇಂದಿನ ನನ್ನ ವಾದ ಇಷ್ಟೇ; ಇದನ್ನು ಅಡಿಕೆ ಧಾರಣೆಯ ಕೋಷ್ಟಕವೊಂದನ್ನು ಮುಂದಿಟ್ಟುಕೊಂಡು ಪರೀಕ್ಷಿಸೋಣ. ಎಡಗಡೆ ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬಗೆಗಳು. ಮೇಲ್ಗಡೆ ಆವಕ, ಕನಿಷ್ಠ, ಗರಿಷ್ಠ, ಮಾದರಿ ಧಾರಣೆ ಎಂಬ ಕಾಲಂಗಳು. ನಡುವಿನ ಒಂದು ಅಂಕಿಯನ್ನು ಕಣ್ಣಿನಿಂದ ಓದುವವರು ಎಡಕ್ಕೂ ಮೇಲಕ್ಕೂ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಕಿವಿಯಿಂದ ಓದುವವರಿಗೆ ಆ ಅಂಕಿಯ ಜೊತೆಯಲ್ಲೇ ‘ಬೆಟ್ಟೆ, ಗರಿಷ್ಠ’ ಎಂದು ಕೇಳಿಸಬೇಕು. ಕೇಳಿಸದಿದ್ದರೆ ಅದು ಧಾರಣೆಯಾಗಿ ಉಳಿಯುವುದಿಲ್ಲ, ಬರಿಯ ಸಂಖ್ಯೆಯಾಗುತ್ತದೆ.

ಟಿಹೆಡ್ ಒಂದರಿಂದಲೇ ಈ ನಂಟು ಹುಟ್ಟುತ್ತದೆ ಎನ್ನುವವರು ಮಾನದಂಡವನ್ನೇ ಓದಿ ನೋಡಬೇಕು. ಒಂದು ಕೋಶಕ್ಕೆ ಅನ್ವಯಿಸುವ ಶೀರ್ಷಿಕೆಗಳನ್ನು ಹುಡುಕುವ ಕ್ರಮವನ್ನು ಎಚ್‌ಟಿಎಂಎಲ್ ಮಾನದಂಡ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತದೆ: ಕೋಶದಿಂದ ಎಡಕ್ಕೂ ಮೇಲಕ್ಕೂ ಸಾಗುತ್ತಾ ಟಿಎಚ್ ಕೋಶಗಳನ್ನು ಆರಿಸಿಕೊಳ್ಳಬೇಕು. ದಾರಿಯಲ್ಲಿ ಸಿಕ್ಕ ಕೋಶ ಟಿಹೆಡ್ಡಿನೊಳಗೆ ಇದೆಯೇ ಎಂದು ಆ ಕ್ರಮ ಕೇಳುವುದೇ ಇಲ್ಲ. ಟಿಹೆಡ್ಡಿನೊಳಗೆ ಟಿಡಿ ಬರೆದರೆ ಅದು ಮಾಹಿತಿಯ ಕೋಶವಾಗಿಯೇ ಉಳಿಯುತ್ತದೆ. ಅಲ್ಲಿಗೆ ಮೊದಲ ಪಕ್ಷದ ವಾದ ನಿಲ್ಲುವುದಿಲ್ಲ. ಹಾಗೆಂದು ಎರಡನೆಯ ಪಕ್ಷ ಗೆದ್ದಂತೆಯೂ ಅಲ್ಲ. ಉದ್ದನೆಯ ಕೋಷ್ಟಕವನ್ನು ಮುದ್ರಿಸಿದಾಗ ಪುಟಪುಟಕ್ಕೂ ಶೀರ್ಷಿಕೆಯ ಸಾಲು ಮರುಕಳಿಸಬೇಕಾದರೆ ಬ್ರೌಸರಿಗೆ ಆಧಾರವಾಗುವುದು ಟಿಹೆಡ್ಡೇ. ಇನ್ನೂ ಒಂದು ಸಂಗತಿಯಿದೆ. ಟಿಬಾಡಿಯನ್ನು ಬರೆಯದೆ ಬಿಟ್ಟರೆ ಬ್ರೌಸರ್ ತಾನೇ ಅದನ್ನು ಸೇರಿಸಿಕೊಳ್ಳುತ್ತದೆ. ಟಿಹೆಡ್ಡನ್ನು ಎಂದಿಗೂ ಸೇರಿಸಿಕೊಳ್ಳುವುದಿಲ್ಲ. ಎಲ್ಲಿಯವರೆಗೆ ಶೀರ್ಷಿಕೆ, ಎಲ್ಲಿಂದ ಮಾಹಿತಿ ಎಂಬ ಗಡಿಯನ್ನು ಬರೆಯುವವರೇ ಹೇಳಬೇಕು, ಯಂತ್ರ ಊಹಿಸದು.

ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪಣೆ ಇನ್ನೊಂದಿದೆ. ಟಿಎಚ್ ಬರೆದರೆ ಸಾಕು, ಸ್ಕೋಪ್ ಏಕೆ? ಅದು ಕಾಲಂನ ಶೀರ್ಷಿಕೆಯೋ ಸಾಲಿನ ಶೀರ್ಷಿಕೆಯೋ ಎಂಬುದನ್ನು ಮಾನದಂಡವೇ ಲೆಕ್ಕ ಹಾಕುತ್ತದಲ್ಲ, ಎಂದು ಅನುಭವಿಗಳೇ ಕೇಳುತ್ತಾರೆ. ಹೌದು, ಲೆಕ್ಕ ಹಾಕುತ್ತದೆ. ಆದರೆ ಆ ಲೆಕ್ಕಕ್ಕೆ ಒಂದು ಷರತ್ತಿದೆ. ಸ್ಕೋಪ್ ಇಲ್ಲದ ಟಿಎಚ್ ಕಾಲಂನ ಶೀರ್ಷಿಕೆ ಎನಿಸಿಕೊಳ್ಳಬೇಕಾದರೆ ಅದರ ಸಾಲಿನಲ್ಲಿ ಒಂದೂ ಟಿಡಿ ಇರಕೂಡದು. ಸಾಲಿನ ಶೀರ್ಷಿಕೆ ಎನಿಸಿಕೊಳ್ಳಬೇಕಾದರೆ ಅದರ ಕಾಲಂನಲ್ಲಿ ಒಂದೂ ಟಿಡಿ ಇರಕೂಡದು. ಈಗ ನಮ್ಮ ಅಡಿಕೆ ಕೋಷ್ಟಕದ ಎಡ ಮೇಲ್ತುದಿಯನ್ನು ನೋಡಿ. ಅಲ್ಲಿ ಬರೆಯಲು ಏನೂ ಇಲ್ಲವೆಂದು ಹೆಚ್ಚಿನವರು ಖಾಲಿ ಟಿಡಿ ಇಡುತ್ತಾರೆ. ಆ ಖಾಲಿ ಕೋಶ ಮೇಲಿನ ಸಾಲಿಗೂ ಸೇರಿದೆ, ಎಡಗಡೆಯ ಕಾಲಂಗೂ ಸೇರಿದೆ. ಆದ್ದರಿಂದ ಮಾನದಂಡದ ಲೆಕ್ಕದಂತೆ ‘ಗರಿಷ್ಠ’ ಕಾಲಂನ ಶೀರ್ಷಿಕೆಯಾಗುವುದಿಲ್ಲ, ‘ಬೆಟ್ಟೆ’ ಸಾಲಿನ ಶೀರ್ಷಿಕೆಯಾಗುವುದಿಲ್ಲ. ಒಂದು ಖಾಲಿ ಕೋಶದಿಂದ ಇಡೀ ಕೋಷ್ಟಕದ ನಂಟು ಎರಡು ದಿಕ್ಕಿನಲ್ಲೂ ಕಡಿಯುತ್ತದೆ. ‘ವಾಸ್ತವದಲ್ಲಿ ಸ್ಕ್ರೀನ್ ರೀಡರುಗಳು ಅಷ್ಟು ಕಟ್ಟುನಿಟ್ಟಲ್ಲ, ಹೇಗೋ ಊಹಿಸಿಕೊಳ್ಳುತ್ತವೆ’ ಎಂಬ ಸಮಾಧಾನವನ್ನು ನಾನು ಒಪ್ಪುವುದಿಲ್ಲ. ಊಹೆ ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆಯಾಗಬಹುದು, ಮುಂದಿನ ಆವೃತ್ತಿಯಲ್ಲಿ ಬದಲಾಗಬಹುದು. ಮೇಲಿನವಕ್ಕೆ ‘ಕೋಲ್’, ಎಡಗಡೆಯವಕ್ಕೆ ‘ರೋ’ ಎಂಬ ಸ್ಕೋಪ್ ಬೆಲೆ ಬರೆದುಬಿಟ್ಟರೆ ಮೂಲೆಯ ಕೋಶ ಖಾಲಿ ಟಿಡಿಯಾಗಿದ್ದರೂ ತೊಂದರೆಯಿಲ್ಲ. ಊಹೆಗೆ ಬಿಡುವುದಕ್ಕಿಂತ ಸಾರಿ ಹೇಳುವುದು ಕ್ಷೇಮ.

ಎಡಗಡೆಯ ಶೀರ್ಷಿಕೆಗಳ ಬಗ್ಗೆ ಇರುವ ಅಸಡ್ಡೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಟಿಎಚ್ ಬಳಸಿದರೆ ಅಕ್ಷರ ದಪ್ಪವಾಗಿ ನಡುಮಧ್ಯಕ್ಕೆ ಬರುತ್ತದೆ, ಬಗೆಗಳ ಹೆಸರು ಹಾಗೆ ಚೆನ್ನಾಗಿ ಕಾಣುವುದಿಲ್ಲ ಎಂದು ವಿನ್ಯಾಸಕಾರರು ಟಿಡಿಯಲ್ಲೇ ಉಳಿಯುತ್ತಾರೆ. ರೂಪವನ್ನು ಸಿಎಸ್‌ಎಸ್‌ನಲ್ಲಿ ಎರಡು ಸಾಲಿನಿಂದ ಬದಲಿಸಬಹುದು. ಕಳೆದುಹೋದ ಅರ್ಥವನ್ನು ಸಿಎಸ್‌ಎಸ್ ತಂದುಕೊಡಲಾರದು. ಬೆಟ್ಟೆಯ ಧಾರಣೆಯನ್ನು ರಾಶಿಯದೆಂದು ತಿಳಿದ ಬೆಳೆಗಾರರಿಗೆ ಆಗುವ ನಷ್ಟದ ಮುಂದೆ ದಪ್ಪಕ್ಷರದ ಮುಜುಗರ ಏನೂ ಅಲ್ಲ.

ಶಿವಮೊಗ್ಗ, ಸಾಗರ, ಶಿರಸಿ ಮಾರುಕಟ್ಟೆಗಳನ್ನು ಒಂದೇ ಕೋಷ್ಟಕದಲ್ಲಿ ಸೇರಿಸಿದಾಗ ವಿಭಾಗಗಳ ನಿಜವಾದ ಬೆಲೆ ತಿಳಿಯುತ್ತದೆ. ಪ್ರತಿ ಮಾರುಕಟ್ಟೆಗೆ ಒಂದೊಂದು ಟಿಬಾಡಿ ಕಟ್ಟಿ, ಮಾರುಕಟ್ಟೆಯ ಹೆಸರಿನ ಟಿಎಚ್‌ಗೆ ‘ರೋಗ್ರೂಪ್’ ಎಂಬ ಸ್ಕೋಪ್ ಕೊಟ್ಟರೆ ಆ ಹೆಸರು ಆ ಗುಂಪಿನ ಕೊನೆಯವರೆಗಷ್ಟೇ ಅನ್ವಯಿಸುತ್ತದೆ. ಇಲ್ಲಿ ವಿಭಾಗದ ಗಡಿ ಇಲ್ಲದೆ ಕೋಶದ ಮಾತಿಗೆ ಅರ್ಥವೇ ಇಲ್ಲ. ಆದರೆ ಈ ಸ್ಕೋಪ್ ಬೆಲೆಯನ್ನು ಎಲ್ಲ ತಂತ್ರಾಂಶಗಳೂ ಸರಿಯಾಗಿ ಪಾಲಿಸುವುದಿಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದು. ಅದಕ್ಕೆ ಹೆಡರ್ಸ್ ಗುಣಲಕ್ಷಣವನ್ನು ಪರಿಹಾರವಾಗಿ ಸೂಚಿಸುತ್ತಾರೆ: ಪ್ರತಿ ಶೀರ್ಷಿಕೆಗೂ ಒಂದು ಐಡಿ ಕೊಟ್ಟು, ಪ್ರತಿ ಮಾಹಿತಿ ಕೋಶದಲ್ಲೂ ಆ ಐಡಿಗಳನ್ನು ಪಟ್ಟಿ ಮಾಡುವುದು. ಎಚ್‌ಟಿಎಂಎಲ್ 5ರ ಆರಂಭದ ಕರಡಿನಲ್ಲಿ ಇಲ್ಲದಿದ್ದ ಈ ಗುಣಲಕ್ಷಣ, ಸುಗಮ್ಯತೆಯ ಪರವಾಗಿ ನಿಂತವರ ಒತ್ತಾಯದಿಂದ ಮರಳಿ ಬಂತು. ಅವರ ಹೋರಾಟಕ್ಕೆ ನನ್ನ ಗೌರವವಿದೆ. ಆದರೂ ದಿನದಿನವೂ ಬದಲಾಗುವ ಧಾರಣೆಯ ಪಟ್ಟಿಗೆ ಅದನ್ನು ನಾನು ಸೂಚಿಸಲಾರೆ. ಕೋಶ ಕೋಶಕ್ಕೂ ಬರೆದ ಐಡಿಗಳಲ್ಲಿ ಒಂದು ತಪ್ಪಿದರೂ ನಂಟು ತಪ್ಪುತ್ತದೆ, ತೆರೆಯ ಮೇಲೆ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಮಾರುಕಟ್ಟೆಗೊಂದು ಚಿಕ್ಕ ಕೋಷ್ಟಕ, ಅದಕ್ಕೊಂದು ಕ್ಯಾಪ್ಷನ್, ಎರಡೇ ಬಗೆಯ ಸ್ಕೋಪ್: ಇದೇ ಹೆಚ್ಚು ಬಾಳಿಕೆಯ ದಾರಿ.

ಇದು ಕೇವಲ ಕುಶಲಿಗಳ ಚರ್ಚೆಯಲ್ಲ. ವೆಬ್ ಸುಗಮ್ಯತೆಗೆಂದು ರೂಪಿಸಿದ 2008ರ ಡಬ್ಲ್ಯುಸಿಎಜಿ 2.0 ಮಾರ್ಗಸೂಚಿಯ 1.3.1ನೇ ಮಾನದಂಡ, ತೋರಿಕೆಯಿಂದ ತಿಳಿಯುವ ಸಂಬಂಧಗಳನ್ನು ಪ್ರೋಗ್ರಾಮುಗಳೂ ಗುರುತಿಸುವಂತಿರಬೇಕು ಎಂದು ಕೇಳುತ್ತದೆ. ಅದನ್ನು ಅತ್ಯಂತ ಕನಿಷ್ಠವಾದ ‘ಎ’ ಹಂತದಲ್ಲೇ ಇಟ್ಟಿದೆ. ನಮ್ಮ ದೇಶದ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವೂ ಮಾಹಿತಿ ಎಲ್ಲರಿಗೂ ಎಟುಕಬೇಕೆಂದು ಹೇಳುತ್ತದೆ. ಧಾರಣೆ, ಮಳೆ, ಪರೀಕ್ಷಾ ಫಲಿತಾಂಶ, ಫಲಾನುಭವಿಗಳ ಪಟ್ಟಿ ಇವೆಲ್ಲ ಜನರಿಗೆ ತಲುಪುವುದು ಕೋಷ್ಟಕದ ರೂಪದಲ್ಲಿ. ಹಾಗಾಗಿ ಕೋಷ್ಟಕವನ್ನು ಒಪ್ಪಿಸಿಕೊಳ್ಳುವ ಅಧಿಕಾರಿಗಳೂ ಸಂಪಾದಕರೂ ಒಂದು ಪರೀಕ್ಷೆಯನ್ನು ಕಡ್ಡಾಯ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ: ಯಾವುದಾದರೂ ಒಂದು ಅಂಕಿಯನ್ನು ಆರಿಸಿ, ತೆರೆಯನ್ನು ನೋಡದೆ, ಬರೆದ ಟ್ಯಾಗುಗಳಷ್ಟರಿಂದಲೇ ಅದು ಯಾವುದರ ಯಾವ ಅಂಕಿ ಎಂದು ಹೇಳಲು ಬರುತ್ತದೆಯೇ? ಬಾರದಿದ್ದರೆ ಆ ಕೋಷ್ಟಕವನ್ನು ಪ್ರಕಟಿಸದೆ ತಿದ್ದಲು ಹಿಂದಿರುಗಿಸಬೇಕು.